ಸೆಟ್ ಆಯ್ತಾ?

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಹೊತ್ತು ತಿರುಗುವ ಪದ ಯಾವುದು ಎಂದರೆ ಬಹಳ ಕಾಲ ಸಿಗುತ್ತಿದ್ದ ಉತ್ತರ ‘ಸೆಟ್’. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಇದರ ಕ್ರಿಯಾಪದಕ್ಕೇ 430 ಅರ್ಥ, ಸುಮಾರು 60,000 ಪದಗಳ ವಿವರಣೆ. ಒಂದು ಕಾದಂಬರಿಯೇ ಆಯಿತು! ಆಮೇಲೆ ‘ರನ್’ ಪದವನ್ನು ಪರಿಷ್ಕರಿಸಿದಾಗ ಅದು 645 ಅರ್ಥ ಪೇರಿಸಿಕೊಂಡು ಮುಂದೆ ಓಡಿತು. ಸಂಪಾದಕ ಪೀಟರ್ ಗಿಲ್ಲಿವರ್ ಅದೊಂದೇ ಪದದ ಜೊತೆ ಒಂಬತ್ತು ತಿಂಗಳು ಏಗಿದರಂತೆ. ಇರಲಿ, ನನ್ನ ಒಲವು ಸೋತ ಸೆಟ್ಟಿನ ಕಡೆಗೇ.

ಅಸಲಿಗೆ ಇದು ಒಂದೇ ವೇಷದಲ್ಲಿರುವ ಎರಡು ಪದ. ‘ಇಡು’ ಎನ್ನುವ ಅರ್ಥದ್ದು ಹಳೆಯ ಜರ್ಮ್ಯಾನಿಕ್ ಮೂಲದ್ದು. ನಮ್ಮ ಕೂರು, ಕೂರಿಸು ಇದ್ದ ಹಾಗೆ ಅಲ್ಲಿ ಸಿಟ್, ಸೆಟ್. ‘ಗುಂಪು’ ಎನ್ನುವುದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ಹಾದು ಬಂದದ್ದು. ಪಂಥ ಎನ್ನುವ ‘ಸೆಕ್ಟ್’ ಅದರ ಒಡಹುಟ್ಟು. ಆ ಲೆಕ್ಕಕ್ಕೆ ದರ್ಶಿನಿಯ ತಟ್ಟೆಯಲ್ಲಿ ಒಂದರ ಮೇಲೊಂದು ಮಲಗಿ ಬರುವ ಸೆಟ್ ದೋಸೆ ಒಂದು ಪಂಥ; ಸಾಗು ಅದರ ಕುಲದೈವ.

ಕನ್ನಡಕ್ಕೆ ಎರಡೂ ಬಂದವು. ರೈತರ ಪಂಪ್‌ಸೆಟ್, ಅಜ್ಜನ ಹಲ್ಸೆಟ್, ನೆಂಟರು ಬಂದಾಗಷ್ಟೇ ಕಪಾಟಿನಿಂದಿಳಿಯುವ ಟೀ ಸೆಟ್, ಸಿನಿಮಾದವರು ಹಾಕಿ ಕೆಡವುವ ಸೆಟ್. ಗಣಿತದ ಪಠ್ಯಪುಸ್ತಕ ಮಾತ್ರ ‘ಗಣ’ ಎಂದು ಬೇರೆ ದಾರಿ ಹಿಡಿಯಿತು. ಸೂರ್ಯನನ್ನೂ ನಾವು ಸೆಟ್ ಆಗಲು ಬಿಡಲಿಲ್ಲ. ಅವನು ಮುಳುಗುತ್ತಾನೆ, ಕಂತುತ್ತಾನೆ, ಅಷ್ಟು ಸಾಕು.

ನಿಜವಾದ ಕರಾಮತ್ತು ಇರುವುದು ಕ್ರಿಯಾಪದದಲ್ಲಿ. ಕನ್ನಡ ಆ 430 ಅರ್ಥಗಳ ತಂಟೆಗೇ ಹೋಗದೆ ಬರಿಯ ಪದ ಎತ್ತಿಕೊಂಡು, ಮುಂದೆ ‘ಆಗು’, ‘ಮಾಡು’ ಹೂಡಿಬಿಟ್ಟಿತು. ಅಲಾರಾಂ ಸೆಟ್ ಮಾಡು. ಕಾಂಕ್ರೀಟ್ ಸೆಟ್ ಆಗಲಿ, ಆಮೇಲೆ ನೀರು ಹಾಕು. (ಗಡುಸಾಗುವುದಕ್ಕೆ ನಮ್ಮದೇ ‘ಸೆಟೆ’ ಇದೆ. ಎರಡಕ್ಕೂ ನಂಟಿಲ್ಲ, ಹೋಲಿಕೆ ಬರಿಯ ಆಕಸ್ಮಿಕ.) ಇಲ್ಲಿಯವರೆಗೆ ಇಂಗ್ಲಿಷಿನವನಿಗೂ ತಿಳಿದೀತು. ಆದರೆ ‘ಆ ಬಣ್ಣ ನಿಂಗೆ ಸೆಟ್ ಆಗಲ್ಲ ಕಣೇ’, ‘ಅತ್ತೆಗೂ ಸೊಸೆಗೂ ಸೆಟ್ ಆಗ್ತಿಲ್ಲ’ ಎಂದಾಗ ಅವನು ತಲೆ ಕೆರೆದುಕೊಳ್ಳಬೇಕು. ಇಲ್ಲಿ ಸೆಟ್ ಆಗುವುದೆಂದರೆ ಒಗ್ಗುವುದು, ಹೊಂದುವುದು, ಕೂಡಿಬರುವುದು. ಊರು ಬದಲಿಸಿದವರಿಗೆ ನೀರು ಸೆಟ್ ಆಗಬೇಕು, ಹೊಸ ಕೆಲಸದಲ್ಲಿ ಹುಡುಗ ಸೆಟ್ ಆಗಬೇಕು. ಕಾಲೇಜಿನ ಕಟ್ಟೆಯಲ್ಲಿ ‘ಏನ್ ಮಗಾ, ಸೆಟ್ ಆಯ್ತಾ?’ ಎಂದು ಗೆಳೆಯರು ಕೇಳಿದರೆ, ಯಾವ ವಿಷಯ ಎಂದು ಆ ಹುಡುಗ ಮರುಪ್ರಶ್ನೆ ಹಾಕುವುದಿಲ್ಲ. ಕಿವಿ ಕೆಂಪಾಗುತ್ತದೆ, ಅಷ್ಟೆ.