ಅಟ್ಟದ ಮೇಲಿನ ಅರಗು

ಹೋದ ಬೇಸಿಗೆಯಲ್ಲಿ ತಮ್ಮ ಊರಿಂದ ಫೋನ್ ಮಾಡಿದ. "ಅಣ್ಣ, ಹಳೇ ಮನೆ ಕೆಡವಿಸ್ತಾ ಇದೀನಿ. ಅಟ್ಟದ ಮೇಲೆ ನಿನ್ನ ಪ್ಲೇಟುಗಳಿದಾವೆ. ಬಂದು ತಗೊಂಡೋಗು, ಇಲ್ಲಾಂದ್ರೆ ಗುಜರಿಯೋನಿಗೆ ಕೊಟ್ಬಿಡ್ತೀನಿ" ಅಂದ. ಅವು ನನ್ನವಲ್ಲ, ತಾತನ ಗ್ರಾಮಫೋನ್ ಪ್ಲೇಟುಗಳು. ಆದರೆ ಅಟ್ಟಕ್ಕೆ ಹತ್ತಿಸಿದ್ದು ಮಾತ್ರ ನಾನೇ. ಆ ಮಾತನ್ನ ತಮ್ಮ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮೂರು ತಿಪಟೂರಿಗೂ ತುರುವೇಕೆರೆಗೂ ನಡುವೆ ತೆಂಗಿನ ತೋಟಗಳ ಒಳಗೆ ಹುದುಗಿಕೊಂಡಿದೆ. ಈ ಕಡೆಯವರಿಗೆ ಅಟ್ಟ ಅಂದ್ರೆ ಏನಂತ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳ್ತೀನಿ. ಚೆನ್ನಾಗಿ ಬಲಿತ ಕಾಯಿಗಳನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟು ತಿಂಗಳಿಂದ ವರ್ಷದವರೆಗೂ ಬಿಡಬೇಕು. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತೆ. ಆಮೇಲೆ ಸುಲಿದು, ಹುಷಾರಾಗಿ ಚಿಪ್ಪು ಒಡೆದರೆ ಇಡೀ ಉಂಡೆ ಹೊರಗೆ ಬರುತ್ತೆ. ಅದೇ ತಿಪಟೂರಿನ ಉಂಡೆ ಕೊಬ್ಬರಿ. ಮಾರುಕಟ್ಟೆಯಲ್ಲಿ ಹರಾಜಾಗಿ ಉತ್ತರ ಭಾರತದ ಮದುವೆ ಮನೆಗಳವರೆಗೂ ಹೋಗುತ್ತೆ.

ಕೊಬ್ಬರಿ ಆಯ್ತೋ ಇಲ್ವೋ ಅಂತ ನೋಡೋದಕ್ಕೆ ತಾತ ಕಣ್ಣು ಬಳಸ್ತಿರಲಿಲ್ಲ. ಕಾಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸೋರು. ಮೊದಲಲ್ಲಿ ಗುಳುಗುಳು ಅಂತ ನೀರಿನ ಸದ್ದು, ಆಮೇಲೆ ಎಷ್ಟೋ ದಿನ ಏನೂ ಇಲ್ಲ, ಕಡೆಗೊಂದು ದಿನ ಒಳಗಿಂದ ಲೊಟಲೊಟ. "ಈಗ ಮಾತಾಡ್ತಾ ಐತೆ ನೋಡ್ಲಾ" ಅನ್ನೋರು. ಸಂಗೀತ ಕೇಳೋ ಕಿವಿಯನ್ನ ತಾತ ಎಲ್ಲಿ ಪಳಗಿಸಿಕೊಂಡರು ಅಂತ ಯಾರಾದರೂ ಕೇಳಿದರೆ ನಾನು ಅಟ್ಟದ ಮೇಲೆ ಅಂತಲೇ ಹೇಳೋದು.

ಆ ಕಿವಿಗೆ ಪ್ಲೇಟು ತಲುಪಿದ ದಾರಿ ದೊಡ್ಡದು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಅನ್ನೋ ಅಮೆರಿಕದವನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮುಂತಾದವರ ಹಾಡುಗಾರಿಕೆ ರೆಕಾರ್ಡ್ ಮಾಡಿಕೊಂಡ. ಮೊದಮೊದಲು ಇಲ್ಲಿ ಹಾಡಿದ್ದನ್ನ ಜರ್ಮನಿಯ ಹ್ಯಾನೋವರ್‌ಗೆ ಕಳಿಸಿ, ಅಲ್ಲಿ ಪ್ಲೇಟು ಒತ್ತಿಸಿ, ಹಡಗಿನಲ್ಲಿ ವಾಪಸ್ ತರಿಸ್ತಿದ್ರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆಯ್ತು, ಮುಂದೆ ಅದು ದಮ್‌ದಮ್‌ಗೆ ಹೋಯ್ತು.

ತಮಾಷೆ ಏನಂದ್ರೆ, ಪ್ಲೇಟಿನ ಜೀವಾಳ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಬೋರೆ ಮರಗಳ ಕೊಂಬೆಗೆ ಕಚ್ಚಿಕೊಂಡ ಹುಳುಗಳು ಸುರಿಸುವ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ ಬಿಸಿಯಲ್ಲಿ ಒತ್ತಿದರೆ ಪ್ಲೇಟು. 1942ರಲ್ಲಿ ಯುದ್ಧದ ದೆಸೆಯಿಂದ ಅಮೆರಿಕ ಸರ್ಕಾರ ಅರಗಿಗೆ ಕಡಿವಾಣ ಹಾಕಿದಾಗ, ಅಲ್ಲಿನ ಕಂಪನಿಗಳು ಜನರಿಂದ ಹಳೇ ಪ್ಲೇಟು ವಾಪಸ್ ತಗೊಂಡು ಅರೆದು ಹೊಸದು ಒತ್ತಿದವು. ಪಾಂಡವರ ಅರಗಿನ ಮನೆ ಕತೆ ಗೊತ್ತಿರೋ ನಮಗೆ ಅರಗಿಗೆ ಬಿಸಿ ಆಗದು ಅಂತ ಗೊತ್ತಿರಬೇಕಿತ್ತು. ನನಗೆ ಹೊಳೀಲಿಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ನಮ್ಮ ಸೀಮೆಗೆ ಹಾಡು ಬಂದಿದ್ದು ರೈಲಿನ ಹಿಂದೆ. ಬೆಂಗಳೂರಿಂದ ತುಮಕೂರಿಗೆ ರೈಲು ಬಂದಿದ್ದು 1884ರಲ್ಲಿ. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದೂ ಅದೇ 1884. ಆ ದಶಕ ಮುಗಿಯೋದರೊಳಗೆ ರೈಲು ಗುಬ್ಬಿ, ತಿಪಟೂರು, ಅರಸೀಕೆರೆ ದಾಟಿ ಹರಿಹರಕ್ಕೆ ಮುಟ್ಟಿತು. ಕೊಬ್ಬರಿ ಚೀಲ ಆ ಕಡೆ ಹೊರಟವು, ಪರದೆ ಪೆಟ್ಟಿಗೆ ಹೊತ್ತ ನಾಟಕದವರು ಈ ಕಡೆ ಬಂದರು. ತುರುವೇಕೆರೆಯವರು ಬಾಣಸಂದ್ರದಲ್ಲಿ ಇಳಿಯಬೇಕು, ಚಿಕ್ಕನಾಯಕನಹಳ್ಳಿಯವರು ತಿಪಟೂರಲ್ಲಿ ಇಳಿದು ಬಸ್ಸು ಹಿಡಿಯಬೇಕು. ನಾಟಕದ ಹಾಡು ಬಾಯಲ್ಲಿ ಗುನುಗಿಕೊಂಡು ಊರು ಸೇರಿದವರಿಗೆ, ಅದೇ ಥರದ ಹಾಡು ಪ್ಲೇಟಿನಲ್ಲಿ ಸಿಗುತ್ತೆ ಅಂದಾಗ ಆಸೆ ಹುಟ್ಟದೆ ಇರುತ್ತಾ? ಮುಂದೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ನಾಡಿನ ಮನೆಮಾತಾದ ನರಸಿಂಹರಾಜು ಅವರೂ ತಿಪಟೂರಿನವರೇ.

ತಾತ ಗ್ರಾಮಫೋನ್ ತಂದಿದ್ದು ಯುದ್ಧ ಮುಗಿದ ಮೇಲೆ, ಕೊಬ್ಬರಿಗೆ ಒಳ್ಳೇ ರೇಟು ಸಿಕ್ಕ ಒಂದು ವರ್ಷ. ಆಮೇಲಿಂದ ಮಂಡಿಯಲ್ಲಿ ಲೆಕ್ಕ ಚುಕ್ತಾ ಆದಾಗೆಲ್ಲ ಒಂದು ಪ್ಲೇಟು ಮನೆಗೆ ಬರೋದು. ಸಾಮಾನು ತರೋದಕ್ಕೆ ತುಮಕೂರಿಗೆ ಹೋದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನದೆ ವಾಪಸ್ ಬರ್ತಿರಲಿಲ್ಲ. "ನಿಮ್ ತಾತಂಗೆ ಎರಡೇ ಹುಚ್ಚು ಕಣಪ್ಪ, ತಿನ್ನೋ ತಟ್ಟೆ, ತಿರುಗೋ ತಟ್ಟೆ" ಅಂತ ಅಜ್ಜಿ ನಗೋರು. ಸಂಜೆ ಮುದ್ದೆ, ಬಸ್ಸಾರು ಆದ ಮೇಲೆ ಜಗಲಿಯಲ್ಲಿ ಡಬ್ಬಿ ತೆರೆಯೋದು, ಕೀ ಕೊಡೋದು, ಹೊಸ ಮುಳ್ಳು ಸಿಗಿಸೋದು. ಒಂದು ಮಗ್ಗುಲಿಗೆ ಒಂದು ಮುಳ್ಳು. ಮೂರು ನಿಮಿಷಕ್ಕೆ ಹಾಡು ಮುಗೀತು. ನಮಗೆಲ್ಲ ಕೈಗೆ ಒಂದೊಂದು ಚೂರು ಕೊಬ್ಬರಿ, ಬೆಲ್ಲ. ಅಗಿಯೋ ಸದ್ದು ಬರಬಾರದು ಅಂತ ಕಟ್ಟಪ್ಪಣೆ!

ಎಲ್ಲಕ್ಕಿಂತ ಹೆಚ್ಚು ತಿರುಗಿದ್ದು ಬಿ.ಎಸ್. ರಾಜಯ್ಯಂಗಾರ್ಯರ 'ಜಗದೋದ್ಧಾರನ'. ಪುರಂದರದಾಸರ ಈ ದೇವರನಾಮವನ್ನ ಕಾಪಿ ರಾಗದಲ್ಲಿ ಮನೆಮನೆಗೆ ಮುಟ್ಟಿಸಿದ್ದು ಆ ಒಂದು ಪ್ಲೇಟು. ಕಚೇರಿಯಲ್ಲಿ ಅರ್ಧ ಗಂಟೆ ಬೆಳೆಸೋ ಸಾಮರ್ಥ್ಯ ಇದ್ದವರು ಮೂರು ನಿಮಿಷಕ್ಕೆ ಕೂತು ಹಾಡಿದಾಗ, ಎಲ್ಲೂ ಅವಸರ ಕಾಣದ ಹಾಗೆ ಹಾಡೋದು ಸಣ್ಣ ವಿದ್ಯೆಯಲ್ಲ. ಕಾಳಿಂಗರಾಯರ ಭಾವಗೀತೆಗಳೂ ಇದ್ದವು. ಅವರ ದನಿ ಬಂದರೆ ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಲ್ಲೋರು.

ರೆಕಾರ್ಡುಗಳ ಚರಿತ್ರೆ ಓದೋವಾಗ ನನಗೆ ಒಂದು ಕೊರತೆ ಕಾಣುತ್ತೆ. ಅಲ್ಲಿ ಹಾಡಿದವರಿದ್ದಾರೆ, ಕಂಪನಿಗಳಿವೆ, ಅರಮನೆ ಇದೆ. ಗೌಹರ್ ಜಾನ್ ಕಡೆಗಾಲದಲ್ಲಿ ನಾಲ್ವಡಿಯವರ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಿದ್ದು ದಾಖಲಾಗಿದೆ. ಜಯಚಾಮರಾಜ ಒಡೆಯರ್ ಅವರು ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನ ರೆಕಾರ್ಡ್ ಮಾಡಿಸೋದಕ್ಕೆ ದುಡ್ಡು ಕೊಟ್ಟಿದ್ದು, ಅದಕ್ಕಾಗಿ 1948ರಲ್ಲಿ ಒಂದು ಸೊಸೈಟಿಯೇ ಹುಟ್ಟಿದ್ದು ದಾಖಲಾಗಿದೆ. ಮಹಾರಾಜರ ರಸಿಕತೆ ದೊಡ್ಡದು, ಸಂಶಯವಿಲ್ಲ. ಆದರೆ ಅದೇ ವರ್ಷಗಳಲ್ಲಿ, ಅದೇ ಮೈಸೂರು ಸಂಸ್ಥಾನದ ಒಂದು ಹಳ್ಳಿಯಲ್ಲಿ, ಕೊಬ್ಬರಿ ದುಡ್ಡಲ್ಲಿ ಪ್ಲೇಟು ಕೊಂಡು ಊರಿಗೆಲ್ಲ ಕೇಳಿಸಿದವರ ಲೆಕ್ಕ ಎಲ್ಲಿದೆ?

ನಮ್ಮ ಮನೇದು ಸಿಕ್ತು, ಅಟ್ಟದ ಮೇಲೆ. ಪ್ಲೇಟಿನ ಕಾಗದದ ಚೀಲಗಳ ಹಿಂದೆ ತಾತ ಪೆನ್ಸಿಲಿನಲ್ಲಿ ಲೆಕ್ಕ ಬರೆದಿದ್ದರು. ಸುಲಿದ ಕಾಯಿ ಎಷ್ಟು, ಚೀಲ ಎಷ್ಟು, ಸುಲಿದವರಿಗೆ ಕೊಟ್ಟ ಕೂಲಿ ಎಷ್ಟು. ಕೆಳಗೆ, ಆ ದಿನ ತಂದ ಪ್ಲೇಟಿನ ಬೆಲೆ. ಒಂದು ಚೀಲದ ಮೇಲೆ ಇಷ್ಟೇ: "ಮಳೆ ಇಲ್ಲ. ಪ್ಲೇಟು ತರಲಿಲ್ಲ." ಹಳೇ ಪ್ಲೇಟಿನ ಚೀಲದ ಮೇಲೆ ಬರೆದಿದ್ದ ಸಾಲು ಅದು. ಎಷ್ಟು ಹೊತ್ತು ಕೈಯಲ್ಲಿ ಹಿಡಿದು ಕೂತಿದ್ದೆನೋ ಗೊತ್ತಿಲ್ಲ.

ಇನ್ನು ನನ್ನ ತಪ್ಪು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂತು. ಕಾಲೇಜು ಹುಡುಗ ನಾನು, ಸಾಲ ಮಾಡಿ ಟೇಪ್ ರೆಕಾರ್ಡರ್ ತಂದೆ. ತಾತ ಅಷ್ಟೊತ್ತಿಗೆ ಇರಲಿಲ್ಲ. ಪ್ಲೇಟುಗಳನ್ನ ಅವರು ದೇವರಮನೆಯ ತಣ್ಣನೆ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿಟ್ಟಿದ್ದರು. ನಾನು "ಜಾಗ ತಿಂತಾವೆ" ಅಂತ ಎತ್ತಿಕೊಂಡು ಹೋಗಿ ಅಟ್ಟದ ಮೇಲೆ ಗೋಡೆಗೆ ಓರೆಯಾಗಿ ಒರಗಿಸಿಬಿಟ್ಟೆ. ಕೊಬ್ಬರಿಯನ್ನ ಪಕ್ವ ಮಾಡೋ ಬಿಸಿ ಅರಗನ್ನ ಬಗ್ಗಿಸುತ್ತೆ. ಮೂವತ್ತೊಂದು ಪ್ಲೇಟಿನಲ್ಲಿ ಹತ್ತೊಂಬತ್ತು ಹಪ್ಪಳದ ಹಾಗೆ ಸೊಟ್ಟಗಾಗಿವೆ. ಮುಳ್ಳು ನಿಲ್ಲೋದಿಲ್ಲ.

ಅವನ್ನೆಲ್ಲ ಕಾರಿನಲ್ಲಿಟ್ಟುಕೊಂಡು ವಾಪಸ್ ಹೊರಟ ದಿನ ಸುಮ್ಮನೆ ಅರಳಗುಪ್ಪೆಗೆ ಹೋದೆ. ಅಲ್ಲಿಯ ಕಲ್ಲೇಶ್ವರ ದೇವಸ್ಥಾನ 9ನೆಯ ಶತಮಾನದ್ದು. ತಲೆ ಎತ್ತಿದರೆ ಚಾವಣಿಯಲ್ಲಿ ಕುಣಿಯೋ ಶಿವ, ಜೊತೆಗೆ ವಾದ್ಯ ನುಡಿಸೋರು, ಸುತ್ತ ಅಷ್ಟದಿಕ್ಪಾಲಕರು. ಹನ್ನೊಂದು ಶತಮಾನದಿಂದ ಕೈ ವಾದ್ಯದ ಮೇಲೇ ಇದೆ, ಸದ್ದು ಮಾತ್ರ ಕೇಳೋದಿಲ್ಲ. ಅವತ್ತು ಅದನ್ನ ಕೇಳಿದವರ ಬಗ್ಗೆ ಕಲ್ಲಿನಲ್ಲಿ ಏನೂ ಇಲ್ಲ. ನಮ್ಮ ಕಾಲದ ಕೇಳುಗರದ್ದೂ ಹಾಗೇ ಆಗಬಾರದಲ್ಲ ಅನ್ನಿಸ್ತು.

ಬೆಂಗಳೂರಲ್ಲಿ ಒಬ್ಬರ ಹತ್ತಿರ ತಾತನ ಗ್ರಾಮಫೋನ್ ರಿಪೇರಿ ಮಾಡಿಸಿ, ಮನೆ ಕೆಡವೋ ಹಿಂದಿನ ದಿನ ಊರಿಗೆ ತಗೊಂಡು ಹೋದೆ. ಅದೇ ಜಗಲಿ. ತಮ್ಮ ಕೀ ಕೊಟ್ಟ. ಪಕ್ಕದ ಮನೆ ದೊಡ್ಡಮ್ಮ ಕೋಲೂರಿಕೊಂಡು ಬಂದು ಕೂತರು. ಕಣ್ಣು ಅಷ್ಟಕ್ಕಷ್ಟೆ. ಉಳಿದ ಹನ್ನೆರಡರಲ್ಲಿ ರಾಜಯ್ಯಂಗಾರ್ಯರು ಇದ್ದರು, ನನ್ನ ಪುಣ್ಯ. ಹಾಡು ಅರ್ಧಕ್ಕೆ ಬಂದಾಗ ದೊಡ್ಡಮ್ಮ ಕೈ ಎತ್ತಿ, "ಈಗ ಕರ್ ಅಂತದೆ ನೋಡಪ್ಪ" ಅಂದರು.

ಕರ್ ಅಂತು. ಯಾವತ್ತೋ ಯಾರೋ ಕೈ ಜಾರಿಸಿ ಮಾಡಿದ ಗೀರು ಅದು. ಆ ಪ್ಲೇಟನ್ನ ಎಷ್ಟು ಸಂಜೆ ಕೇಳಿದ್ದರೆ ಗೀರೂ ಹಾಡಿನ ಭಾಗವಾಗಿ ನೆನಪಿರುತ್ತೆ!

ಸೊಟ್ಟಗಾದ ಹತ್ತೊಂಬತ್ತನ್ನೂ ಗುಜರಿಗೆ ಕೊಟ್ಟಿಲ್ಲ. ಅವುಗಳ ಚೀಲದ ಮೇಲೆ ಲೆಕ್ಕ ಇದೆಯಲ್ಲ. ಹಾಡೋ ಹನ್ನೆರಡರ ಚೀಲದ ಮೇಲೆ, ತಾತನ ಪೆನ್ಸಿಲ್ ಸಾಲಿನ ಕೆಳಗೆ, ಯಾವ ಹಾಡಿನಲ್ಲಿ ಎಲ್ಲಿ ಕರ್ ಅನ್ನುತ್ತೆ ಅಂತ ದೊಡ್ಡಮ್ಮನನ್ನ ಕೇಳಿಕೊಂಡು ನಾನೂ ಪೆನ್ಸಿಲಲ್ಲೇ ಬರೆಯೋದಕ್ಕೆ ಶುರು ಮಾಡಿದೀನಿ. ಐದು ಆಗಿವೆ.