ಕೊಲ್ಲೋದಾ, ಬಿಡೋದಾ: ಧೋಂಡಿಯ ವಾಘನ ಕತೆ

ಹೋದ ಬೇಸಿಗೆ ರಜೆಯಲ್ಲಿ ಹರಿಹರದ ಹತ್ತಿರದ ಸಾರಥಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಎಂಜಿನಿಯರಿಂಗ್ ಓದುವ ಅಕ್ಕನ ಮಗ ಫ್ಯಾನಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ತುಂಬ ಹೊತ್ತು ಕೈ ಆಡಿಸದೆ ಪರದೆಯನ್ನೇ ನೋಡುತ್ತಿದ್ದವನು ತಿರುಗಿ, "ಮಾಮ, ಇವನ್ನ ಕೊಲ್ಲೋದಾ, ಬಿಡೋದಾ?" ಅಂದ.

ಅದು 'ಡ್ರ್ಯಾಗನ್ ಏಜ್: ಒರಿಜಿನ್ಸ್' ಎಂಬ ಆಟ. 2009ರದ್ದು, ಅಂದರೆ ಅವನ ಲೆಕ್ಕಕ್ಕೆ ಹಳೇ ಕಾಲದ್ದು. ಅದರಲ್ಲಿ ಲೊಗೇನ್ ಎಂಬ ಸೇನಾಪತಿ ಇದ್ದಾನೆ. ಒಂದು ಕಾಲಕ್ಕೆ ತನ್ನ ನಾಡನ್ನು ಪರರ ಆಳ್ವಿಕೆಯಿಂದ ಬಿಡಿಸಿದ ವೀರ. ಮುಂದೆ ಒಂದು ಯುದ್ಧದ ನಡುವೆ ತನ್ನ ಸೈನ್ಯವನ್ನು ಹಿಂದಕ್ಕೆ ಕರೆದು ಎಳೆಯ ರಾಜನನ್ನು ಸಾಯಲು ಬಿಟ್ಟವನೂ ಅವನೇ. ಆಮೇಲೆ ಯುದ್ಧದ ಖರ್ಚಿಗೆಂದು ಬಡವರನ್ನು ಗುಲಾಮರ ವ್ಯಾಪಾರಿಗಳ ಕೈಗೂ ಕೊಡುತ್ತಾನೆ. ಮಾಡಿದ್ದೆಲ್ಲ ನಾಡಿಗಾಗಿ ಎಂದೇ ಅವನ ನಂಬಿಕೆ. ಕೊನೆಗೆ ತುಂಬಿದ ಸಭೆಯಲ್ಲಿ ಅವನು ಸೋತು ನಿಂತಾಗ ತೀರ್ಪು ಆಡುವವನ ಕೈಗೆ ಬರುತ್ತದೆ. ಕೊಂದರೆ ಅವನ ಮಗಳ ಕಣ್ಣೆದುರೇ ಕೊಲ್ಲಬೇಕು. ಉಳಿಸಿ ನಮ್ಮ ಪಾಳಯಕ್ಕೆ ಸೇರಿಸಿಕೊಂಡರೆ ಮೊದಲಿಂದ ಜೊತೆಗಿದ್ದ ಗೆಳೆಯ ನಮ್ಮನ್ನು ಬಿಟ್ಟು ಹೋಗುತ್ತಾನೆ. ಆ ಯುದ್ಧದಲ್ಲಿ ಸತ್ತವರಲ್ಲಿ ಅವನ ಗುರುವೂ ಒಬ್ಬ.

"ಸೇವ್ ಮಾಡ್ಕೊಂಡಿದೀನಿ, ಎರಡೂ ನೋಡಬಹುದು" ಅಂದ ಹುಡುಗ. ಆದರೂ ಬೆರಳು ಮುಂದೆ ಹೋಗುತ್ತಿರಲಿಲ್ಲ.

ನಾನು ಚರಿತ್ರೆ ಪಾಠ ಮಾಡುವವನು. ಅವನ ಪ್ರಶ್ನೆ ಕೇಳಿದಾಗ ನನಗೆ ಲೊಗೇನ್‌ಗಿಂತ ಮೊದಲು ನೆನಪಾದದ್ದು ನಮ್ಮ ಜಿಲ್ಲೆಯವನೇ ಆದ ಧೋಂಡಿಯ ವಾಘ. ನೆನಪಾಗಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಒಂದು ಆಗಸ್ಟ್ 15ರ ಭಾಷಣದಲ್ಲಿ ಧೋಂಡಿಯನನ್ನು ಕರ್ನಾಟಕದ ಮೊದಲ ಸ್ವಾತಂತ್ರ್ಯ ವೀರರಲ್ಲಿ ಒಬ್ಬನೆಂದು ಗಟ್ಟಿಯಾಗಿಯೇ ಹೊಗಳಿದ್ದೆ. ಚಪ್ಪಾಳೆ ಬಿತ್ತು. ಇಳಿದು ಬಂದಮೇಲೆ ರಾಣೆಬೆನ್ನೂರು ಕಡೆಯ ಹಿರಿಯರೊಬ್ಬರು ಹತ್ತಿರ ಬಂದು, "ಮೇಷ್ಟ್ರೇ, ಅವನು ಹಾದುಹೋದ ಹಳ್ಳಿಯವರನ್ನ ಯಾರಾದರೂ ಕೇಳಿದ್ರಾ?" ಅಂದರು. ಏನೋ ಹೇಳಿ ಜಾರಿಕೊಂಡೆ. ಅವತ್ತು ಕೊಡದ ಉತ್ತರ ಇನ್ನೂ ಬಾಕಿ ಇದೆ.

ಧೋಂಡಿಯ ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠ ಮನೆತನದಲ್ಲಿ. ಹೈದರಾಲಿಯ ಸೈನ್ಯದಲ್ಲಿ ಕುದುರೆ ಸವಾರನಾಗಿ ಸೇರಿದ. ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಬಂದ ಹೊತ್ತಿನಲ್ಲಿ ಒಂದಷ್ಟು ಸವಾರರ ಜೊತೆ ಕಳಚಿಕೊಂಡು ಸವಣೂರು, ಹಾವೇರಿಯ ಕಡೆ ತನ್ನದೇ ದಂಡು ಕಟ್ಟಿ ಕೊಳ್ಳೆ ಹೊಡೆಯತೊಡಗಿದ. ಪೇಶ್ವೆಯ ಕಡೆಯ ಧೋಂಡೋಪಂತ ಗೋಖಲೆ ಅಟ್ಟಿಸಿಕೊಂಡು ಬಂದಾಗ 1794ರಲ್ಲಿ ಮತ್ತೆ ಟಿಪ್ಪುವಿನ ಆಶ್ರಯಕ್ಕೆ ಹೋದ. ಓಡಿಹೋಗಿದ್ದವನು ತಾನಾಗಿ ಕೈಗೆ ಸಿಕ್ಕಿದ್ದ. ಟಿಪ್ಪು ಅವನನ್ನು ಕೊಲ್ಲಿಸಲಿಲ್ಲ. ಹಾಗಂತ ಕ್ಷಮಿಸಲೂ ಇಲ್ಲ. ಅವನ ಧರ್ಮ ಬದಲಾಯಿತು, ಬಲವಂತದಿಂದಲೇ ಎಂದು ಹೆಚ್ಚಿನ ಬರಹಗಳು ಹೇಳುತ್ತವೆ. ಕಡೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಸಂಕೋಲೆ ಬಿತ್ತು. ಅಲ್ಲಿಗೆ ಒಂದು ಸಲ ಉಳಿದುಕೊಂಡ ಹಾಗಾಯಿತು.

ಎರಡನೆಯ ಸಲ ಉಳಿಸಿದವರು ಇಂಗ್ಲಿಷರೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಮನೆ ತೆರೆಯಿತು. ಟಿಪ್ಪು ಸಂಕೋಲೆ ಹಾಕಿದವನು ಅಂದಮೇಲೆ ಪಾಪದವನೇ ಇರಬೇಕು ಎಂದುಕೊಂಡರೋ ಏನೋ, ಯಾರು ಎಂತು ಎಂದು ವಿಚಾರಿಸದೆ ಬಿಟ್ಟುಬಿಟ್ಟರು. ನಮ್ಮ ಹುಡುಗ ಲೊಗೇನ್ ಮುಂದೆ ಬೆರಳು ತಡೆದು ಕೂತಿದ್ದನಲ್ಲ, ಅಷ್ಟು ಹೊತ್ತು ಕೂಡ ಅಲ್ಲಿ ಯಾರೂ ಯೋಚಿಸಲಿಲ್ಲ.

ಹೊರಗೆ ಬಂದ ಧೋಂಡಿಯನ ಸುತ್ತ ಜನ ಸೇರಿದ್ದು ಅವನ ಮೋಡಿಯಿಂದಷ್ಟೇ ಅಲ್ಲ. ಟಿಪ್ಪುವಿನ ಸೈನ್ಯ ಒಂದೇ ದಿನದಲ್ಲಿ ಇಲ್ಲವಾಗಿತ್ತು. ಕುದುರೆ ಮತ್ತು ಕತ್ತಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ ಸಾವಿರಾರು ಜನ ಸಂಬಳವಿಲ್ಲದೆ ದಾರಿಯಲ್ಲಿದ್ದರು. ಅವರಿಗೆ ಧೋಂಡಿಯ ಅನ್ನದ ದಾರಿ. ಆ ಅನ್ನ ಬರುತ್ತಿದ್ದದ್ದು ಮಾತ್ರ ಹಳ್ಳಿಗಳ ಹಗೇವುಗಳಿಂದ. ಬಿದನೂರು ಸೀಮೆ, ಶಿಕಾರಿಪುರ ಅವನ ಕೈಸೇರಿದವು. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದಲ್ಲಿ ಸೋತು ಮರಾಠರ ಗಡಿಯೊಳಕ್ಕೆ ಓಡಿದವನು ವರ್ಷ ತುಂಬುವುದರೊಳಗೆ ಇನ್ನೂ ದೊಡ್ಡ ದಂಡಿನೊಂದಿಗೆ ತಿರುಗಿ ಬಂದ. ಆಗ ಅವನ ಬಿರುದು 'ಉಭಯ ಲೋಕಾಧೀಶ್ವರ'. ಇಹಪರಗಳೆರಡಕ್ಕೂ ಒಡೆಯ! ಚನ್ನಗಿರಿಯ ಸವಾರನಿಗೆ ಕೊಂಚ ಜಾಸ್ತಿಯಾಯಿತು ಅನ್ನಿಸಬಹುದು. ನನಗೆ ಆ ಧೈರ್ಯ ಇಷ್ಟವೇ.

ಇಂಗ್ಲಿಷರ ಕಾಗದಗಳಲ್ಲಿ ಅವನು ಬರೀ ದರೋಡೆಕೋರ. ಆದರೆ ದರೋಡೆಕೋರನೊಬ್ಬನಿಗಾಗಿ ಅವರು ಮಾಡಿದ ಸಿದ್ಧತೆ ನೋಡಿದರೆ ಅನುಮಾನ ಬರುತ್ತದೆ. ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಆಗ ಬಟೇವಿಯಾ ದಂಡಯಾತ್ರೆಯ ನಾಯಕತ್ವ ಒದಗಿಬಂದಿತ್ತು. ಅದನ್ನು ಬಿಟ್ಟು ಅವನು ಧೋಂಡಿಯನ ಬೆನ್ನು ಹತ್ತಿದ. ಕಂಡಲ್ಲಿ ಹಿಡಿದು ಎದುರಿಗೆ ಸಿಕ್ಕ ಮರಕ್ಕೆ ನೇಣು ಹಾಕು ಎಂಬ ಅರ್ಥದ ಆದೇಶ ಮದ್ರಾಸಿನಿಂದ ಬಂದಿತ್ತು. ವಿಚಾರಣೆಯ ಮಾತೇ ಇಲ್ಲ. ಧೋಂಡಿಯ ಹತನಾದ ಮೇಲೆ ಥಾಮಸ್ ಮನ್ರೋ ವೆಲ್ಲೆಸ್ಲಿಗೆ ಬರೆದ ಪತ್ರದಲ್ಲಿ, ನೀನೂ ನಿನ್ನ ಸೈನ್ಯವೂ ಅಡ್ಡ ಬರದಿದ್ದರೆ ಇವನೊಂದು ಹೊಸ ರಾಜವಂಶವನ್ನೇ ಕಟ್ಟುತ್ತಿದ್ದ ಎಂದು ಅರ್ಧ ತಮಾಷೆಯಾಗಿ ಹೇಳುತ್ತಾನೆ. ಆ ವಂಶ ಕ್ರೂರಿಗಳದ್ದೇ ಆಗಿರುತ್ತಿತ್ತು ಎಂದು ಸೇರಿಸುವುದನ್ನೂ ಮರೆಯುವುದಿಲ್ಲ. ಹೈದರಾಲಿ ಶುರು ಮಾಡಿದ್ದೂ ಸಾಮಾನ್ಯ ಸೈನಿಕನಾಗಿಯೇ ತಾನೇ? ಗೆದ್ದ ಸೈನಿಕ ನವಾಬನಾದ, ಸೋತವನು ದರೋಡೆಕೋರನಾದ. 1800-01ರ ದಕ್ಷಿಣದ ಬಂಡಾಯಗಳ ಬಗ್ಗೆ ಬರೆದ ಇತಿಹಾಸಕಾರ ಕೆ. ರಾಜಯ್ಯನ್ ಧೋಂಡಿಯನನ್ನು ಪಾಳೆಯಗಾರರ ದೊಡ್ಡದೊಂದು ಕೂಟದ ಭಾಗವಾಗಿ ಕಂಡರು. ನನ್ನ ಆಗಸ್ಟ್ 15ರ ಭಾಷಣ ಹುಟ್ಟಿದ್ದು ಅಲ್ಲಿಂದಲೇ.

1800ರ ಜೂನ್‌ನಲ್ಲಿ ವೆಲ್ಲೆಸ್ಲಿ ತುಂಗಭದ್ರೆ ದಾಟಿದ್ದು ನಮ್ಮ ಹರಿಹರದಲ್ಲಿ. ಮುಂಗಾರಿನ ಹೊಳೆ, ಆನೆ, ಎತ್ತು, ತೋಪು, ಅಕ್ಕಿ ಮೂಟೆ. ಹೊಳೆಯ ದಂಡೆಯಲ್ಲೇ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ. ಆ ಊರಿನ ಸ್ಥಳಪುರಾಣವೂ ಒಬ್ಬ ಖಳನದ್ದೇ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಬ್ರಹ್ಮನಿಂದ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರು. ವರವೂ ಸುಳ್ಳಾಗಲಿಲ್ಲ, ಕೊಲೆಯೂ ನಿಲ್ಲಲಿಲ್ಲ. ಗುಹಾಸುರನನ್ನು ಉಳಿಸಬಹುದಿತ್ತೇ ಎಂದು ಚಿಕ್ಕಂದಿನಲ್ಲಿ ಕತೆ ಕೇಳುವಾಗ ನಾನೂ ಕೇಳಲಿಲ್ಲ, ಹೇಳುವವರೂ ನಿಲ್ಲಿಸಲಿಲ್ಲ.

ಹೊಳೆ ದಾಟಿದ ಸೈನ್ಯ ಜೂನ್ 27ರಂದು ರಾಣೆಬೆನ್ನೂರಿನ ಕೋಟೆ ಹತ್ತಿತು. ಒಳಗಿದ್ದ ಧೋಂಡಿಯನ ಕಡೆಯವರಲ್ಲಿ ಹೆಚ್ಚಿನವರು ಅಲ್ಲೇ ಸತ್ತರು. ನನ್ನನ್ನು ತಡೆದು ಕೇಳಿದ ಹಿರಿಯರ ಮಾತಿನ ಹಿಂದೆ ಈ ದಿನವೂ ಇದ್ದಿರಬೇಕು. ಮೊದಲು ಧೋಂಡಿಯನ ದಂಡು ಬಂದು ದವಸ ಒಯ್ದಿತು, ಬೆನ್ನಿಗೆ ಅವನನ್ನು ಹುಡುಕಿಕೊಂಡು ಇನ್ನೊಂದು ದಂಡು ಬಂತು. ಊರಿನವರು ಇಬ್ಬರನ್ನೂ ಕರೆದಿರಲಿಲ್ಲ. ಅದೇ ಜೂನ್‌ನ ಕೊನೆಯಲ್ಲಿ ಕಿತ್ತೂರಿನ ಕಡೆ ಧೋಂಡಿಯ ತನ್ನ ಹಳೆಯ ವೈರಿ ಗೋಖಲೆಯ ಮೇಲೆ ಬಿದ್ದು ಕೊಂದ. ಗೋಖಲೆಯ ರಕ್ತವನ್ನು ಮೀಸೆಗೆ ಹಚ್ಚಿಕೊಳ್ಳುತ್ತೇನೆಂದು ಶಪಥ ಮಾಡಿದ್ದನಂತೆ, ಹಾಗೇ ಮಾಡಿದನಂತೆ. ದುಶ್ಶಾಸನನ ರಕ್ತಕ್ಕೆ ಕಾದ ಭೀಮನನ್ನು ಬಯಲಾಟದಲ್ಲಿ ಕಂಡು ಶಿಳ್ಳೆ ಹೊಡೆಯುವ ನಮಗೆ ಧೋಂಡಿಯನಲ್ಲಿ ಅದೇ ಕಂಡರೆ ಅಸಹ್ಯ ಆಗುತ್ತದೆ.

ಈ ನಡುವೆ ಧೋಂಡಿಯನನ್ನು ಗುಟ್ಟಾಗಿ ಮುಗಿಸಿಕೊಡುತ್ತೇನೆಂದು ಒಬ್ಬ ಮುಂದೆ ಬಂದ. ವೆಲ್ಲೆಸ್ಲಿ ಒಪ್ಪಲಿಲ್ಲ. ತಲೆಗೆ ಇಷ್ಟೆಂದು ಬಹಿರಂಗವಾಗಿ ಡಂಗುರ ಸಾರುವುದು ಬೇರೆ, ಕತ್ತಲಲ್ಲಿ ಕೊಲೆಯ ವ್ಯಾಪಾರ ಕುದುರಿಸುವುದು ಬೇರೆ, ಎರಡನೆಯದು ಸೈನ್ಯದ ಮುಂದಾಳಿಗೆ ಸಲ್ಲದು ಎಂಬುದು ಅವನ ನಿಲುವು. ಇದನ್ನು ಓದಿದಾಗ ನನಗೆ ಕಿರಿಕಿರಿಯಾಯಿತು ಅಂದರೆ ನಗಬೇಡಿ. ನನ್ನ ಕತೆಯಲ್ಲಿ ವೆಲ್ಲೆಸ್ಲಿ ಖಳ. ಖಳ ಹೀಗೆ ನಡೆದುಕೊಂಡರೆ ಭಾಷಣ ಕಟ್ಟುವುದು ಕಷ್ಟ.

ಜುಲೈ 30ರಂದು ಮಲಪ್ರಭೆಯ ದಂಡೆಯ ಮನೋಳಿಯ ಹತ್ತಿರ ಧೋಂಡಿಯನ ಪಾಳಯ ವೆಲ್ಲೆಸ್ಲಿಯ ಕೈಗೆ ಸಿಕ್ಕಿತು. ತಪ್ಪಿಸಿಕೊಳ್ಳಲು ತುಂಬಿದ ಹೊಳೆಗೆ ಬಿದ್ದ ಎಷ್ಟೋ ಜನ ಕೊಚ್ಚಿಹೋದರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್‌ನಲ್ಲಿ ಕೊನೆ. ಧೋಂಡಿಯನ ಬಳಿ ಸುಮಾರು 5,000 ಕುದುರೆ. ವೆಲ್ಲೆಸ್ಲಿ ತನ್ನ 4 ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿದ. ನೇಣಿಗೆ ಮರ ಬೇಕಾಗಲಿಲ್ಲ, ಧೋಂಡಿಯ ಕಾದಾಟದಲ್ಲೇ ಬಿದ್ದ. ಹೆಣಗಳ ನಡುವೆ ಗುರುತು ಹಿಡಿದು ಅವನನ್ನು ತೋಪಿನ ಗಾಡಿಯ ಮೇಲೆ ಹಾಕಿಕೊಂಡು ಪಾಳಯಕ್ಕೆ ತಂದರು.

ಅವನ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಆಸುಪಾಸಿನ ಒಬ್ಬ ಹುಡುಗ ಸಿಕ್ಕಿದ. ಹೆಸರು ಸಲಾಬತ್ ಖಾನ್. ಧೋಂಡಿಯನ ಮಗ, ಸಾಕುಮಗ ಎಂದೂ ಹೇಳುತ್ತಾರೆ. ಅವನನ್ನು ವೆಲ್ಲೆಸ್ಲಿಯ ಡೇರೆಗೆ ಕರೆತಂದರು. ವೆಲ್ಲೆಸ್ಲಿ ಹುಡುಗನನ್ನು ತನ್ನ ಖರ್ಚಿನಲ್ಲೇ ಸಾಕಿದ. 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಅವನ ಪಾಲನೆಗೆ ಶ್ರೀರಂಗಪಟ್ಟಣದಲ್ಲಿ ಹಣ ಇಟ್ಟು ಹೋದ.

ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವುದು ರಾಮನಲ್ಲ, ಲಕ್ಷ್ಮಣ. ಜೈನರ ಲೆಕ್ಕದಲ್ಲಿ ಕೊಂದ ಕೈಗೆ ಅದರ ಕರ್ಮ ಅಂಟುತ್ತದೆ, ಲಕ್ಷ್ಮಣ ನರಕಕ್ಕೆ ಹೋಗುತ್ತಾನೆ. ಖಳನನ್ನು ಕೊಂದದ್ದಕ್ಕೂ ಬೆಲೆ ತೆರಬೇಕು ಅನ್ನುವ ಆ ಲೆಕ್ಕ ನನಗೆ ಒಪ್ಪಿಗೆ. ಧೋಂಡಿಯನನ್ನು ಕೊಂದವನು ಮುಂದೆ ನೆಪೋಲಿಯನ್ನನನ್ನು ಸೋಲಿಸಿದ, ಡ್ಯೂಕ್ ಆಫ್ ವೆಲಿಂಗ್ಟನ್ ಆದ, ಇಂಗ್ಲೆಂಡಿನ ಪ್ರಧಾನಿಯೂ ಆದ. ಅವನ ಚರಿತ್ರೆ ಬರೆದವರು ಈ ಹುಡುಗನ ಸಂಗತಿಯನ್ನು ಪ್ರೀತಿಯಿಂದ ನೆನೆಯುತ್ತಾರೆ. ರಾಣೆಬೆನ್ನೂರಿನ ಕೋಟೆ ಅವರಿಗೆ ತಾರೀಕು ಮಾತ್ರ. ಮಗುವನ್ನು ಉಳಿಸಿದ್ದು ಸುಳ್ಳಲ್ಲ. ಆದರೆ ಆ ಮಗುವಿನಿಂದ ಯಾರಿಗೂ ಏನೂ ಅಪಾಯವಿರಲಿಲ್ಲ. ಅಪಾಯವಿದ್ದವನನ್ನು ಉಳಿಸುವ ಪ್ರಶ್ನೆಯನ್ನು ಮದ್ರಾಸಿನ ಕಾಗದ ಮೊದಲೇ ಮುಗಿಸಿಬಿಟ್ಟಿತ್ತು.

ಇಷ್ಟನ್ನೂ ಸಾರಥಿಯ ನಡುಮನೆಯಲ್ಲಿ ಕೂತು ಹುಡುಗನಿಗೆ ಹೇಳಿದೆ. ಅಕ್ಕ ಮಂಡಕ್ಕಿ ತಂದಿಟ್ಟು, "ಅವನಿಗೆ ಪರೀಕ್ಷೆ ಐತೆ, ನೀನೂ ಸೇರ್ಕೊಂಡ್ಯಾ" ಎಂದು ನನ್ನನ್ನೇ ಬೈದಳು.

"ಮಾಮ, ನೀನಾಗಿದ್ರೆ ಏನ್ಮಾಡ್ತಿದ್ದೆ?" ಅಂದ ಹುಡುಗ.

ವಿಚಾರಣೆ ಮಾಡುತ್ತಿದ್ದೆ ಅಂದೆ. ಕೊಳ್ಳೆಹೋದ ಹಳ್ಳಿಯವರನ್ನು ಕರೆಸಿ ಅವರ ಎದುರು ನಿಲ್ಲಿಸುತ್ತಿದ್ದೆ. ಅವನ ಜೊತೆ ಯಾಕೆ ಹೋದಿರಿ ಎಂದು ಕೆಲಸ ಕಳೆದುಕೊಂಡ ಆ ಸವಾರರನ್ನೂ ಕೇಳುತ್ತಿದ್ದೆ. ಅವನು ಪರದೆ ನೋಡಿ, "ಆ ಆಪ್ಷನ್ ಇಲ್ಲಿ ಇಲ್ಲ" ಅಂದ. 1800ರಲ್ಲೂ ಇರಲಿಲ್ಲ.

ಆಗಸ್ಟ್ 15ಕ್ಕೆ ಮತ್ತೆ ಕರೆದರೆ ಧೋಂಡಿಯನ ಬಗ್ಗೆ ಮಾತಾಡುತ್ತೇನೆ, ಈ ಸಲ ರಾಣೆಬೆನ್ನೂರಿನ ಹೆಸರೂ ತೆಗೆದು. ಚಪ್ಪಾಳೆ ಕಡಿಮೆ ಬೀಳಬಹುದು.

ಸಂಜೆ ಹುಡುಗ ನನ್ನನ್ನು ಬೈಕಿನಲ್ಲಿ ಹರಿಹರದ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಲೊಗೇನ್‌ನನ್ನು ಏನು ಮಾಡಿದೆ ಎಂದು ನಾನು ಕೇಳಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, "ಆ ಹುಡುಗ ಆಮೇಲೆ ಏನಾದ?" ಅಂದ.

ಮೈಸೂರು ಅರಸರ ಕೆಲಸಕ್ಕೆ ಸೇರಿದ, 1822ರಲ್ಲಿ ಕಾಲರಾ ಬಂದು ತೀರಿಹೋದ ಎಂದು ಹೇಳಿದೆ.

"ಅವರಪ್ಪನ್ನ ಕೊಂದವರು ಯಾರು ಅಂತ ಅವನಿಗೆ ಹೇಳಿದ್ರಾ ಮಾಮ?"

ಬಸ್ಸು ಹೊರಟಿತು.