ಕೋವಿಡ್ ಹಿಡಿದ ಪಿಸಿಆರ್ ಊಟದಲ್ಲಿ ಏನು ಹಿಡಿಯುತ್ತೆ?

2020ರಲ್ಲಿ ಶಿವಮೊಗ್ಗದ ಸಿಮ್ಸ್‌ನಲ್ಲಿ ಕೋವಿಡ್ ಪರೀಕ್ಷೆ ಶುರುವಾದ ಮೇಲೆ ‘ಆರ್‌ಟಿ-ಪಿಸಿಆರ್’ ಅನ್ನೋ ಪದ ಭದ್ರಾವತಿಯ ಗಲ್ಲಿಗಲ್ಲಿಗೂ ಗೊತ್ತಾಯ್ತು. ಮಂಗನ ಕಾಯಿಲೆಯನ್ನು ಶಿವಮೊಗ್ಗದ ವೈರಸ್ ಪ್ರಯೋಗಾಲಯ ಪತ್ತೆ ಮಾಡೋದೂ ಇದೇ ವಿಧಾನದಲ್ಲಿ. ಆಹಾರದಲ್ಲಿರುವ ರೋಗಾಣುವನ್ನೂ ಇದೇ ತಂತ್ರ ಹಿಡಿಯುತ್ತೆ ಅನ್ನೋದು ಮಾತ್ರ ಚರ್ಚೆಗೇ ಬರಲ್ಲ.

ಹಳೆಯ ವಿಧಾನ ಕಲ್ಚರ್. ಸಾಲ್ಮೊನೆಲ್ಲಾ ಹುಡುಕಬೇಕಂದ್ರೆ 25 ಗ್ರಾಂ ಆಹಾರವನ್ನು ಪೋಷಕ ದ್ರಾವಣದಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಸಬೇಕು, ಅಲ್ಲಿಂದ ಇನ್ನೊಂದು ದ್ರಾವಣಕ್ಕೆ, ಆಮೇಲೆ ಪ್ಲೇಟಿಗೆ, ಕೊನೆಗೆ ಖಚಿತಪಡಿಸೋ ಪರೀಕ್ಷೆ. ಒಟ್ಟು ನಾಲ್ಕೈದು ದಿನ. ಅಷ್ಟರಲ್ಲಿ ಆ ಊಟ ಯಾರದ್ದೋ ಹೊಟ್ಟೆ ಸೇರಿರುತ್ತೆ.

ಪಿಸಿಆರ್ ಬ್ಯಾಕ್ಟೀರಿಯಾವನ್ನಲ್ಲ, ಅದರ ಜೀನ್‌ನ ಒಂದು ತುಣುಕನ್ನು ಹುಡುಕುತ್ತೆ. ಸಾಲ್ಮೊನೆಲ್ಲಾಕ್ಕೆ ಸಾಮಾನ್ಯವಾಗಿ ‘ಇನ್ವಿ-ಎ’ ಜೀನ್. ಸುಮಾರು 95 ಡಿಗ್ರಿಗೆ ಕಾಯಿಸಿ ಡಿಎನ್‌ಎ ಎಳೆ ಬಿಡಿಸೋದು, ತಣಿಸಿ ಪ್ರೈಮರ್ ಅಂಟಿಸೋದು, ಕಿಣ್ವದಿಂದ ನಕಲು ತೆಗೆಯೋದು. ಪ್ರತಿ ಸುತ್ತಿಗೂ ದುಪ್ಪಟ್ಟು. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ತುಣುಕು 100 ಕೋಟಿ ದಾಟುತ್ತೆ. 1983ರಲ್ಲಿ ಇದನ್ನು ಕಂಡುಹಿಡಿದ ಕ್ಯಾರಿ ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು.

ಹಾಗಂತ ಇದು ಮಾಯಾಜಾಲ ಅಲ್ಲ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಲ್ಲಿ ಶಿಮುಲ್ ಡೇರಿ ಇದೆಯಲ್ಲ, ಅಂಥ ಡೇರಿಯ ಹಾಲನ್ನೇ ಉದಾಹರಣೆಗೆ ತಗೊಳ್ಳಿ. ಪಾಶ್ಚರೀಕರಣದಲ್ಲಿ ರೋಗಾಣು ಸಾಯುತ್ತೆ, ಅದರ ಡಿಎನ್‌ಎ ಉಳಿಯಬಹುದು. ಪಿಸಿಆರ್‌ಗೆ ಸತ್ತಿದ್ದೂ ಒಂದೇ, ಬದುಕಿದ್ದೂ ಒಂದೇ! ಅದಕ್ಕೇ ಮೊದಲು ಒಂದು ರಾತ್ರಿ ದ್ರಾವಣದಲ್ಲಿಟ್ಟು ಬದುಕಿರೋದು ಬೆಳೆಯೋಕೆ ಬಿಡ್ತಾರೆ. ಹಾಲಿನ ಕೊಬ್ಬು, ಕ್ಯಾಲ್ಸಿಯಂ ಕೂಡ ನಕಲು ತೆಗೆಯೋ ಕೆಲಸಕ್ಕೆ ಅಡ್ಡ ಬರ್ತವೆ, ಡಿಎನ್‌ಎಯನ್ನು ಶುದ್ಧವಾಗಿ ಬೇರ್ಪಡಿಸಬೇಕು. ಇಷ್ಟೆಲ್ಲ ಸೇರಿದರೂ ಒಂದೆರಡು ದಿನದಲ್ಲಿ ಉತ್ತರ ಸಿಗುತ್ತೆ.

ದುಬಾರಿ ಯಂತ್ರ ಬೇಡ ಅನ್ನೋರಿಗೆ 2000ದಲ್ಲಿ ಜಪಾನಿನಿಂದ ಬಂದ ‘ಲ್ಯಾಂಪ್’ ಇದೆ. 60–65 ಡಿಗ್ರಿಯ ಒಂದೇ ಶಾಖ ಸಾಕು. ತಾಲ್ಲೂಕು ಮಟ್ಟಕ್ಕೆ ನನ್ನ ಓಟು ಇದಕ್ಕೇ. ಇನ್ನು ಮೂಲ ಹುಡುಕೋಕೆ ಇಡೀ ಜೀನೋಮ್ ಓದೋ ವಿಧಾನ. 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲಿಸ್ಟೀರಿಯಾ 200ಕ್ಕೂ ಹೆಚ್ಚು ಜನರನ್ನು ಕೊಂದಾಗ, ಅದು ಒಂದು ಮಾಂಸದ ಕಾರ್ಖಾನೆಯಿಂದ ಬಂದಿದ್ದು ಅಂತ ಗೊತ್ತಾಗಿದ್ದು ಹೀಗೆ.

ನಮ್ಮಲ್ಲಿ? ಮಾರ್ಚ್ 2024ರಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿತು, ಸರಿಯಾದ ಕ್ರಮ. ಆದರೆ ಬಣ್ಣ ಮಾದರಿಯಲ್ಲಿ ಹಾಗೇ ಕೂತಿರುತ್ತೆ, ರೋಗಾಣು ಬೆಳೆಯುತ್ತೆ, ಸಾಯುತ್ತೆ, ಹರಡುತ್ತೆ. ಮೇ 2022ರಲ್ಲಿ ಕಾಸರಗೋಡಿನ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿ ತೀರಿಕೊಂಡ ಕೆಲ ದಿನಗಳ ನಂತರ ಆ ಶವರ್ಮಾದ ಮಾದರಿಯಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ ಪತ್ತೆಯಾದವು.

2006ರ ಆಹಾರ ಸುರಕ್ಷತೆ ಕಾಯ್ದೆಯ 46ನೇ ಸೆಕ್ಷನ್ ಆಹಾರ ವಿಶ್ಲೇಷಕರಿಗೆ ವರದಿ ಕೊಡೋಕೆ 14 ದಿನ ಕೊಡುತ್ತೆ. ಬಣ್ಣಕ್ಕೂ ಅಷ್ಟೇ, ಸಾಲ್ಮೊನೆಲ್ಲಾಕ್ಕೂ ಅಷ್ಟೇ. ಕೋರ್ಟಿಗೆ ಕಲ್ಚರ್ ವರದಿಯೇ ಬೇಕು ಅಂದರೆ ಇರಲಿ. ಆದರೆ ಮಾರಾಟ ನಿಲ್ಲಿಸೋ ನಿರ್ಧಾರಕ್ಕೆ ಪಿಸಿಆರ್‌ನ ಮೊದಲ ಫಲಿತಾಂಶ ಯಾಕೆ ಸಾಲಬಾರದು? ರೋಗಿಯ ರಕ್ತ ನೋಡೋ ಲ್ಯಾಬಿಗೇ ಚಟ್ನಿ ಕಳಿಸಿ ಅಂತಿಲ್ಲ, ಆಹಾರಕ್ಕೆ ಬೇರೆ ಕೋಣೆ, ಬೇರೆ ಮಾನ್ಯತೆ ಬೇಕೇ ಬೇಕು. ಆದರೆ ಪಿಸಿಆರ್ ಯಂತ್ರ ನಡೆಸಿ ಪಳಗಿದ ಕೈಗಳು ಶಿವಮೊಗ್ಗದಲ್ಲಿವೆ. ಮುಂದೆ ಯಾವುದಾದರೂ ಹಾಸ್ಟೆಲ್‌ನಲ್ಲಿ ವಾಂತಿ-ಭೇದಿ ಕಾಣಿಸಿದರೆ ಮೂರು ಪ್ರಶ್ನೆ ಕೇಳಿ: ಮಾದರಿಯನ್ನು ತಣ್ಣಗಿಟ್ಟು ಒಯ್ದರಾ, ಯಾವ ವಿಧಾನದಲ್ಲಿ ನೋಡಿದರು, ವರದಿ ಯಾವತ್ತು?